ಒತ್ತಿದರೂ ಕೆಲಸ ಮಾಡದ ಬಟನ್

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಗ್ರಂಥಾಲಯದಲ್ಲಿ ಹೆತ್ತವರು, ಟೀಚರುಗಳು ಮತ್ತು ಹೈಸ್ಕೂಲು ಮಕ್ಕಳ ಎದುರು ಆಡಿದ ಮಾತು. ಆಡಿದ ಧಾಟಿಯಲ್ಲೇ ಬರೆದಿದ್ದೇನೆ. ಕರೆಂಟು ಹೋದಾಗಿನ ಹರಟೆಯನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತ ಮಕ್ಕಳು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ. ಪ್ರೊಜೆಕ್ಟರ್ ಸಣ್ಣದು, ಅಲ್ಲಿಂದ ಅಕ್ಷರ ಕಾಣಿಸುವುದಿಲ್ಲ.

ಶಾಲೆ ಕಾಲೇಜುಗಳಿಗೆ ಹೋಗಿ ಗೇಮ್ ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಗೇಮ್ ಅಂದ ಕೂಡಲೇ ಹೆತ್ತವರ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಈಗಲೂ ಕಾಣ್ತಾ ಇದೆ. ಮಕ್ಕಳು ಆಡುವ ಗೇಮಿನ ಬಗ್ಗೆ ಬೇರೆ ದಿನ ಜಗಳ ಮಾಡೋಣ. ಇವತ್ತು ಮಕ್ಕಳೇ ಮಾಡುವ ಗೇಮಿನ ಬಗ್ಗೆ ಮಾತು. ಅದರಲ್ಲೂ ಟೆನ್ಶನ್, ಹೆದರಿಕೆ, ನಾಚಿಕೆ, ಬೇಜಾರು ಇಂಥದ್ದನ್ನು ಇಟ್ಟುಕೊಂಡು ಮಾಡುವ ಗೇಮುಗಳು.

ಮೊದಲು ಒಂದನ್ನು ತೋರಿಸುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಕ್ರ್ಯಾಚ್‌ನಲ್ಲಿ, ಅಂದರೆ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಮಾಡಿದ್ದು. ಅವಳನ್ನು ಕೇಳಿಯೇ ತೋರಿಸ್ತಾ ಇದ್ದೇನೆ, ಹೆಸರು ಹೇಳುವುದಿಲ್ಲ. ಗೇಮಿನ ಹೆಸರು 'ಹಾಜರಿ'.

ತೆರೆಯಲ್ಲಿ ಒಂದು ಕ್ಲಾಸು. ಟೀಚರ್ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. 1, 2, 3 ಅಂತ ರೋಲ್ ನಂಬರ್ ಕರೆಯುತ್ತಾ ಹೋಗುತ್ತಾರೆ. ನಿಮ್ಮದು 27. ನಿಮ್ಮ ನಂಬರ್ ಬಂದಾಗ ಸ್ಪೇಸ್ ಬಾರ್ ಒತ್ತಿ 'ಪ್ರೆಸೆಂಟ್' ಅನ್ನಬೇಕು. ಬೇರೇನೂ ಕೆಲಸ ಇಲ್ಲ.

ಹತ್ತು ಹನ್ನೆರಡರ ತನಕ ಹಿಂದೆ ಮಕ್ಕಳ ಗಲಾಟೆ, ಬೆಂಚು ಎಳೆಯುವ ಸದ್ದು, ಶೀಟಿನ ಮೇಲೆ ಮಳೆ. ಇದೆಲ್ಲ ಅವಳದೇ ಕ್ಲಾಸಿನ ಸದ್ದು, ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿದ್ದು. 20 ದಾಟಿದ ಮೇಲೆ ಗಲಾಟೆ ಕಡಿಮೆಯಾಗುತ್ತದೆ. ಆಮೇಲೆ ಮಳೆಯೂ ಇಲ್ಲ. 24. ಈಗ ಟೀಚರ ದನಿ ಒಂದೇ. 25. ಎರಡು ನಂಬರಿನ ನಡುವಿನ ಬಿಡುವು ಸ್ವಲ್ಪ ಸ್ವಲ್ಪವೇ ಉದ್ದವಾಗ್ತಾ ಇದೆ, ಗಮನಿಸಿದಿರಾ? 26. ನಿಮ್ಮ ಬೆರಳು ಆಗಲೇ ಸ್ಪೇಸ್ ಬಾರ್ ಮೇಲಿದೆ. 27. ಒತ್ತುತ್ತೀರಿ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತೀರಿ. ಇಲ್ಲ. ಮೂರನೇ ಸಲಕ್ಕೆ ದನಿ ಹೊರಡುತ್ತದೆ, ಅದೂ ಒಡೆದ ದನಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಟೀಚರ್ 28 ಅನ್ನುತ್ತಾರೆ. ಗಲಾಟೆ, ಮಳೆ ಎಲ್ಲ ವಾಪಸ್ ಬರುತ್ತದೆ.

ಅಷ್ಟೇ ಗೇಮು. ಸೋಲೂ ಇಲ್ಲ, ಗೆಲುವೂ ಇಲ್ಲ. 'ಮರುದಿನ' ಅಂತ ಒಂದು ಸಾಲು ಕಾಣಿಸಿಕೊಂಡು ಮತ್ತೆ 1ರಿಂದ ಶುರು.

ಅವಳ ಕ್ಲಾಸಿನ ಹುಡುಗನೊಬ್ಬ ಇದನ್ನು ಆಡಿ, "ಟೀಚರೇ, ಈ ಕೀಬೋರ್ಡ್ ಹಾಳಾಗಿದೆ" ಅಂದ. "ಹಾಳಾಗಿಲ್ಲ, ನಾನೇ ಹಾಗೆ ಮಾಡಿದ್ದು" ಅಂದಳು ಇವಳು. ಅವನು ಇನ್ನೊಂದು ಸಲ ಆಡಿದ. ಆಮೇಲೆ, "ನಿನಗೆ ದಿನಾ ಹೀಗೆ ಆಗ್ತದಾ?" ಅಂತ ಕೇಳಿದ. ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಿಂದ ಒಟ್ಟಿಗೆ ಓದಿದವರು ಅವರು.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಗೇಮಿನಲ್ಲಿ ಭಾವನೆ ಕೂತಿರುವುದು ಅದರ ನಿಯಮದಲ್ಲಿ. ಯಾವ ಬಟನ್ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಕೈಕೊಡುತ್ತದೆ, ಎಷ್ಟು ಹೊತ್ತು ಕಾಯಿಸುತ್ತದೆ, ಅದರಲ್ಲಿ. ಈ ಹುಡುಗಿ ಗೇಮಿನ ಒಳಗೆ 'ಭಯ' ಅಂತ ಎಲ್ಲೂ ಬರೆದಿಲ್ಲ. ಅಳುವ ಮುಖದ ಚಿತ್ರ ಇಲ್ಲ. ಸ್ಕ್ರ್ಯಾಚ್‌ನಲ್ಲಿ ಇಂತಿಷ್ಟು ಸೆಕೆಂಡು ಕಾಯಿ ಅನ್ನುವ ಒಂದು ಬ್ಲಾಕ್ ಇದೆ. ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟಿದ್ದಾಳೆ. ಆಡಿದವನ ಬೆರಳಿಗೆ ಅದು ಗೊತ್ತಾಯಿತು.

ಅದೇ ಶಾಲೆಯಲ್ಲಿ 'ಮಾನಸಿಕ ಆರೋಗ್ಯ' ಅಂತ ವಿಷಯ ಕೊಟ್ಟು ಪೋಸ್ಟರ್ ಮಾಡಿ ಅಂದರೆ ಏನು ಬರುತ್ತದೆ ಹೇಳಿ? ತಲೆ ಹಿಡಿದು ಕೂತ ಹುಡುಗ, ಮೇಲೊಂದು ಕಪ್ಪು ಮೋಡ, ಕೆಳಗೆ 'ಭಯ ಬಿಡಿ, ಧೈರ್ಯವಾಗಿರಿ'. ಬಹುಮಾನವೂ ಬರುತ್ತದೆ. ಭಯ ಇರುವ ಮಗು ಅದನ್ನು ನೋಡಿ, ಬಿಡಲಿಕ್ಕೆ ಆಗ್ತಿದ್ದರೆ ಬಿಡ್ತಿದ್ದೆ ಅಲ್ವಾ ಅಂದುಕೊಳ್ಳುತ್ತದೆ. ಪೋಸ್ಟರಿನಲ್ಲಿ ಧೈರ್ಯದ ಬಟನ್ ಯಾವಾಗಲೂ ಕೆಲಸ ಮಾಡುತ್ತದೆ. ನಿಜದಲ್ಲಿ ಹಾಗಲ್ಲ.

ಇದನ್ನು ದೊಡ್ಡವರು ಮೊದಲೇ ಮಾಡಿ ತೋರಿಸಿದ್ದಾರೆ. 2013ರಲ್ಲಿ ಜೋಯಿ ಕ್ವಿನ್ ಮತ್ತು ಜೊತೆಯವರು 'ಡಿಪ್ರೆಶನ್ ಕ್ವೆಸ್ಟ್' ಅಂತ ಒಂದು ಗೇಮ್ ತಂದರು. ಗೇಮ್ ಅಂದರೆ ಬರೀ ಅಕ್ಷರ. ಓದುತ್ತಾ ಹೋಗುವುದು, ಕೊನೆಗೆ ಮೂರೋ ನಾಲ್ಕೋ ಆಯ್ಕೆ ಇರುತ್ತವೆ, ಒಂದನ್ನು ಒತ್ತುವುದು. ಅದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಆಯ್ಕೆಯ ಮೇಲೆ ಗೆರೆ ಎಳೆದಿರುತ್ತದೆ. ಎದ್ದು ಸ್ನೇಹಿತರ ಜೊತೆ ಹೋಗಿ ಖುಷಿಯಾಗಿರು, ಅಂಥದ್ದು. ಕಾಣಿಸುತ್ತದೆ, ಓದಬಹುದು, ಒತ್ತಲಿಕ್ಕೆ ಮಾತ್ರ ಆಗುವುದಿಲ್ಲ. ಖಿನ್ನತೆ ಜಾಸ್ತಿಯಾದ ಹಾಗೆ ಗೆರೆ ಬಿದ್ದ ಸಾಲುಗಳೂ ಜಾಸ್ತಿಯಾಗುತ್ತವೆ. 'ಸುಮ್ನೆ ಎದ್ದು ಹೊರಗೆ ಹೋಗು ಮಾರಾಯ, ಸರಿಯಾಗ್ತದೆ' ಅಂತ ನಾವೆಲ್ಲ ಹೇಳುತ್ತೇವಲ್ಲ, ಅದು ಅವರಿಗೂ ಕಾಣಿಸುತ್ತಾ ಇರುತ್ತದೆ. ಆ ಗೆರೆ ನಮಗೆ ಕಾಣಿಸುವುದಿಲ್ಲ, ಅಷ್ಟೇ.

ಅದನ್ನು ಮಾಡಿದ್ದು ಟ್ವೈನ್‌ನಲ್ಲಿ. ಕ್ರಿಸ್ ಕ್ಲಿಮಸ್ ಅನ್ನುವವರು 2009ರಲ್ಲಿ ಕೊಟ್ಟ ಉಚಿತ ಸಾಫ್ಟ್‌ವೇರ್ ಅದು. ಪ್ರೋಗ್ರಾಮಿಂಗ್ ಬರಬೇಕು ಅಂತಿಲ್ಲ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಸಾಲು ಬರೆಯುವುದು, ಆ ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾರಿ ಹಾಕುವುದು.

ಮಕ್ಕಳು 'ಡಿಪ್ರೆಶನ್ ಕ್ವೆಸ್ಟ್' ಆಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಸರ್, ಇದರಲ್ಲಿ ಗೆಲ್ಲುವುದು ಹೇಗೆ?" ಗೆಲ್ಲಲಿಕ್ಕಿಲ್ಲದ ಗೇಮ್ ಯಾರಾದರೂ ಯಾಕೆ ಆಡಬೇಕು ಅಂತ ಅವರ ಗೊಂದಲ. ನಾನು ಅವರಿಗೆ ತಾಳಮದ್ದಳೆ ನೆನಪಿಸುತ್ತೇನೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಇದು ಹೊಸದಾಗಿ ಹೇಳಿಕೊಡಬೇಕಾದ್ದಲ್ಲ. ಕರ್ಣಪರ್ವಕ್ಕೆ ಹೋಗಿ ಕೂತವರಿಗೆ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲವೇ? ಗೊತ್ತಿದ್ದೂ ಬೆಳಗಿನ ತನಕ ಕೂರುತ್ತಿದ್ದರು. ಪ್ರಸಂಗ ಬದಲಾಗುವುದಿಲ್ಲ, ಭಾಗವತರ ಪದ್ಯ ಬದಲಾಗುವುದಿಲ್ಲ. ಆ ಪದ್ಯದೊಳಗೆ ನಿಂತು ಪಾತ್ರದ ಮಾತಾಡುವ ಅರ್ಥಧಾರಿ ಇವತ್ತು ಏನು ಹೇಳುತ್ತಾನೆ, ಎದುರಿನವನು ಅದಕ್ಕೆ ಎಲ್ಲಿ ತಡೆ ಹಾಕುತ್ತಾನೆ, ಅದು ಆಟ. ಗೆರೆ ಬಿದ್ದ ಆಯ್ಕೆಗಳ ನಡುವೆ ಉಳಿದದ್ದರಲ್ಲಿ ಏನು ಮಾಡ್ತೀ ಅಂತ ಕೇಳುವ ಗೇಮೂ ಅದೇ ಜಾತಿಯದು. ತಾಳಮದ್ದಳೆ ಕೇಳಿ ಬೆಳೆದ ಮಕ್ಕಳು ಈ ಮಾತನ್ನು ಬೇಗ ಹಿಡಿಯುತ್ತಾರೆ. ಅರ್ಥ ಹೇಳುವ ಹುಡುಗನೊಬ್ಬ ಬರೆದ ಟ್ವೈನ್ ಕತೆಯಲ್ಲಿ ಆಯ್ಕೆಗಳು ಒಂದೊಂದೂ ಅರ್ಧ ಪುಟ ಇದ್ದವು, ಅದು ಬೇರೆ ವಿಷಯ.

ವಿದ್ಯಾರ್ಥಿಗಳು ಮಾಡಿದ ಗೇಮ್ ಅಂದರೆ ಸಣ್ಣದು, ಕಲಿಯುವವರ ಕೆಲಸ ಅಂತ ಒಂದು ಅಸಡ್ಡೆ ಇದೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು 'ಕ್ಲೌಡ್' ಅಂತ ಗೇಮ್ ಮಾಡಿತು. ಆಸ್ಪತ್ರೆಯ ಹಾಸಿಗೆಯಲ್ಲಿರುವ ಹುಡುಗ ಆಕಾಶದಲ್ಲಿ ಹಾರುವ ಕನಸು ಕಾಣುತ್ತಾನೆ. ಮೋಡಗಳನ್ನು ಒಟ್ಟು ಮಾಡುವುದೇ ಆಟ. ಗುಂಪಿನಲ್ಲಿದ್ದ ಜೆನೋವಾ ಚೆನ್ ಸಣ್ಣವರಿದ್ದಾಗ ಆಸ್ತಮಾದಿಂದ ಆಸ್ಪತ್ರೆ ಸೇರುತ್ತಿದ್ದವರು. ಮುಂದೆ 2012ರಲ್ಲಿ ಬಂದ 'ಜರ್ನಿ' ಅವರದೇ ತಂಡದ್ದು.

ಅದೇ ವಿಶ್ವವಿದ್ಯಾಲಯದಲ್ಲಿ ಎರಿನ್ ರೆನಾಲ್ಡ್ಸ್ ತಮ್ಮ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಶುರು ಮಾಡಿದ್ದು 'ನೆವರ್‌ಮೈಂಡ್'. ಅದು ಆಡುವವರ ಎದೆಬಡಿತವನ್ನು ಸೆನ್ಸರ್‌ನಿಂದ ಓದುತ್ತದೆ. ನೀವು ಗಾಬರಿಯಾದರೆ ಗೇಮ್ ಕಷ್ಟವಾಗುತ್ತದೆ, ಸಮಾಧಾನಕ್ಕೆ ಬಂದರೆ ಸುಲಭವಾಗುತ್ತದೆ. ಗಾಬರಿಯಲ್ಲಿದ್ದೂ ಮೈಯನ್ನು ಹತೋಟಿಗೆ ತರುವುದನ್ನು ಕಲಿಯಬೇಕು ಅನ್ನುವುದು ಅದರ ನಿಯಮ. 2015ರಲ್ಲಿ ಅದು ಮಾರಾಟಕ್ಕೂ ಬಂತು. ಸಿಂಗಾಪುರ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿ ನಡೆಸುತ್ತಿದ್ದ ಗ್ಯಾಂಬಿಟ್ ಲ್ಯಾಬ್‌ನಿಂದ 2010ರಲ್ಲಿ 'ಎಲ್ಯೂಡ್' ಬಂತು. ಖಿನ್ನತೆ ಇರುವವರ ಮನೆಯವರಿಗೂ ಸ್ನೇಹಿತರಿಗೂ ಅದು ಹೇಗಿರುತ್ತದೆ ಅಂತ ತಿಳಿಸಲಿಕ್ಕೆ ಮಾಡಿದ ಗೇಮ್ ಅದು. ನನಗೆ ಈ ಉದ್ದೇಶ ತುಂಬಾ ಹಿಡಿಸಿತು. ಕಾಯಿಲೆ ಇದ್ದವರಿಗೆ ಅದು ಹೇಗಿರುತ್ತದೆ ಅಂತ ಗೊತ್ತೇ ಇದೆ. ಗೊತ್ತಾಗಬೇಕಾದ್ದು ಪಕ್ಕದಲ್ಲಿ ಕೂತವರಿಗೆ.

ಇದೆಲ್ಲ ಅಮೆರಿಕದಲ್ಲಿ ಆಗುವುದು, ನಮ್ಮಲ್ಲಿ ಎಲ್ಲಿ ಅಂತ ಕೇಳಬೇಡಿ. ಕಾಸರಗೋಡಿನ ಮಕ್ಕಳಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿಯೇ ಇದೆ. ಕೇರಳದ ಹೈಸ್ಕೂಲುಗಳಲ್ಲಿ ಶಾಲೆಗಳ ಐಟಿ ಕೆಲಸ ನೋಡುವ ಸರ್ಕಾರಿ ಕೈಟ್ ಸಂಸ್ಥೆ ನಡೆಸುವ ಲಿಟಲ್ ಕೈಟ್ಸ್ ಕ್ಲಬ್‌ಗಳು 2018ರಿಂದ ಇವೆ. ಅನಿಮೇಶನ್, ಸ್ಕ್ರ್ಯಾಚ್, ಆ್ಯಪ್ ಇನ್ವೆಂಟರ್, ರೋಬೋಟಿಕ್ಸ್ ಎಲ್ಲ ಅಲ್ಲಿ ಕಲಿಸುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಇದೆ. ಸ್ಕ್ರ್ಯಾಚ್ ಅನ್ನು ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲೇ ಕೊಟ್ಟಾಗಿದೆ. ಸಾಮಾನು ಎಲ್ಲ ಇದೆ. ಅದರಲ್ಲಿ ಹಣ್ಣು ಬೀಳುವ, ಬುಟ್ಟಿಯಲ್ಲಿ ಹಿಡಿಯುವ ಗೇಮನ್ನೇ ವರ್ಷ ವರ್ಷ ಮಾಡಿಸುತ್ತಾರೆ.

ನಾನು ಮಕ್ಕಳಿಗೆ ಕೊಡುವ ಮೊದಲ ಕೆಲಸ ಇದು. ಒಂದು ಸಣ್ಣ ಹೆದರಿಕೆ ಆರಿಸಿ. ದೊಡ್ಡದು ಬೇಡ. ನಾಯಿ ಇರುವ ಗೇಟು, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಚಿಲ್ಲರೆ ವಾಪಸ್ ಕೇಳುವುದು, ಮೈಕ್ ಮುಂದೆ ಪ್ರಾರ್ಥನೆ. ಅದನ್ನು ಸ್ಕ್ರ್ಯಾಚ್‌ನಲ್ಲಿ ಒಂದು ಬೊಂಬೆ ಮಾಡಿ. ಆಡುವವನಿಗೆ ಎರಡು ಬಟನ್ ಕೊಡಿ. 'ಎದುರಿಸು' ಒತ್ತಿದರೆ ಎದೆಬಡಿತ ಜೋರಾಗಬೇಕು, ಬೊಂಬೆ ಒಂಚೂರು ಸಣ್ಣದಾಗಬೇಕು. 'ತಪ್ಪಿಸಿಕೋ' ಒತ್ತಿದರೆ ಎದೆಬಡಿತದ ಸದ್ದು ತಕ್ಷಣ ನಿಲ್ಲಬೇಕು, ಆದರೆ ಮುಂದಿನ ಸಲ ಬೊಂಬೆ ಸ್ವಲ್ಪ ದೊಡ್ಡದಾಗಿ ಬರಬೇಕು. ಇಷ್ಟೇ ನಿಯಮ. ಆಡಿಸಿದರೆ ಎಲ್ಲರೂ ಮೊದಲು 'ತಪ್ಪಿಸಿಕೋ' ಒತ್ತುತ್ತಾರೆ. ಹಾಯಾಗಿರುತ್ತದಲ್ಲ. ನಾಲ್ಕೈದು ಸಲ ಆಗುವಾಗ ಬೊಂಬೆ ತೆರೆ ಪೂರ್ತಿ ತುಂಬಿರುತ್ತದೆ, ಹಿಂದೆ ರಸ್ತೆಯೇ ಕಾಣುವುದಿಲ್ಲ.

ಆತಂಕ ಬೆಳೆಯುವುದು ಹೀಗೇ. ಅಪಾಯ ಬಂದಾಗ ಎದೆ ಬಡಿದುಕೊಳ್ಳುವುದು, ಉಸಿರು ಮೇಲೆ ಮೇಲೆ ಬರುವುದು, ಅಂಗೈ ಬೆವರುವುದು ಎಲ್ಲ ಮೈ ಮಾಡಿಕೊಳ್ಳುವ ತಯಾರಿ. ಹಾವು ಕಂಡಾಗ ಅದು ಬೇಕೇ ಬೇಕು. ಹಾವಿಲ್ಲದ ಕಡೆಯಲ್ಲೂ, ರೋಲ್ ನಂಬರಿಗೂ ಮೈ ಅದೇ ತಯಾರಿ ಮಾಡಿದರೆ ತೊಂದರೆ. ತಪ್ಪಿಸಿಕೊಂಡಾಗ ಸಿಗುವ ಹಾಯಿ ಮನಸ್ಸಿಗೆ ಪಾಠ ಕಲಿಸುತ್ತದೆ: ನೋಡು, ಓಡಿದ್ದಕ್ಕೆ ಬದುಕಿದೆ, ಮುಂದಿನ ಸಲವೂ ಓಡು. ಆತಂಕಕ್ಕೆ ಚಿಕಿತ್ಸೆ ಕೊಡುವವರು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಅಭ್ಯಾಸ ಮಾಡಿಸುವುದು ಅದಕ್ಕೇ. ನಾನು ಇದನ್ನು ಬಾಯಲ್ಲಿ ಹೇಳಿದರೆ ನೀವು ತಲೆಯಾಡಿಸುತ್ತೀರಿ. ಬೊಂಬೆ ಎಷ್ಟು ಬೆಳೆಯಬೇಕು ಅಂತ ತಾನೇ ಲೆಕ್ಕ ಹಾಕಿ ಬ್ಲಾಕಿನಲ್ಲಿ ಅಂಕಿ ತುಂಬಿಸಿದ ಹುಡುಗ ಅದನ್ನು ಮರೆಯುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಆತಂಕ ಬರೀ ಶತ್ರು ಅಂತ ಗೇಮ್ ಮಾಡುವುದು ಸುಲಭ. ನಿಕಿ ಕೇಸ್ 2019ರಲ್ಲಿ ಮಾಡಿದ 'ಅಡ್ವೆಂಚರ್ಸ್ ವಿತ್ ಆಂಕ್ಸೈಟಿ' ಬ್ರೌಸರಿನಲ್ಲೇ ಆಡಬಹುದಾದ ಗೇಮ್. ಅದರಲ್ಲಿ ನೀವೇ ಆತಂಕ. ತೋಳದ ರೂಪ ನಿಮ್ಮದು. ನಿಮ್ಮ ಮನುಷ್ಯನನ್ನು ಕಾಪಾಡುವುದು ನಿಮ್ಮ ಕೆಲಸ, ಕಾಪಾಡುವುದು ಅಂದರೆ ಹೆದರಿಸುವುದು. ಆಡ್ತಾ ಆಡ್ತಾ ತೋಳದ ಮೇಲೂ ಸ್ವಲ್ಪ ಕನಿಕರ ಬರುತ್ತದೆ. ರಾತ್ರಿ ಮಗಳು ಬರುವುದು ತಡವಾದರೆ ಹತ್ತು ಸಲ ಫೋನ್ ಮಾಡುವ ಅಮ್ಮಂದಿರು ಇದನ್ನು ಆಡಬೇಕು.

ಈಗ ನನಗೆ ಆಗದ ಒಂದು ವಿಷಯ. ಮೀಟರ್. ಯಾವ ಮಗುವಿಗೆ ಹೇಳಿದರೂ ಮೊದಲು ತೆರೆಯ ಮೂಲೆಯಲ್ಲಿ ಒಂದು ಕೆಂಪು ಪಟ್ಟಿ ಇಡುತ್ತದೆ, 'ಟೆನ್ಶನ್: 80' ಅಂತ. ಬೇರೆ ಗೇಮಿನಲ್ಲಿ ಜೀವ ತೋರಿಸುವ ಪಟ್ಟಿ ನೋಡಿದ ಅಭ್ಯಾಸ. ನಿಜವಾಗಿ ಟೆನ್ಶನ್‌ನಲ್ಲಿರುವವರಿಗೆ ಆ ಪಟ್ಟಿ ಕಾಣುತ್ತದಾ? ಎಷ್ಟಾಗಿದೆ ಅಂತ ಗೊತ್ತಾಗುವುದಿಲ್ಲ, ಯಾವಾಗ ಇಳಿಯುತ್ತದೆ ಅಂತಲೂ ಗೊತ್ತಾಗುವುದಿಲ್ಲ. ಅದೇ ಅದರ ಕಷ್ಟ. ಪಟ್ಟಿ ಇಟ್ಟ ಕೂಡಲೇ ಆಡುವವನು ಅಂಕಿ ಇಳಿಸುವ ಲೆಕ್ಕಾಚಾರಕ್ಕೆ ಬೀಳುತ್ತಾನೆ, ಭಾವನೆ ಹೊರಗೆ ಹೋಯಿತು. ತೆಗೆಯಿರಿ ಅನ್ನುತ್ತೇನೆ. ಅಂಕಿ ಒಳಗೆ ಇರಲಿ, ಕಾಣಿಸುವುದು ಬೇಡ. ಅದು ಏರಿದಾಗ ಸದ್ದು ಬದಲಾಗಲಿ, ಬಾಣದ ಕೀಲಿ ಒತ್ತಿದ ಮೇಲೆ ಬೊಂಬೆ ಅರ್ಧ ಸೆಕೆಂಡು ತಡವಾಗಿ ಚಲಿಸಲಿ, ಅಕ್ಷರ ಮಸುಕಾಗಲಿ. 'ನೆವರ್‌ಮೈಂಡ್' ಎದೆಬಡಿತ ಓದುತ್ತದಲ್ಲ, ನಾವೂ ಆರ್ಡುಯಿನೋ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಸೆನ್ಸರ್ ಸಿಕ್ಕಿಸೋಣ ಅನ್ನುವ ಮಕ್ಕಳಿದ್ದಾರೆ. ಮಾಡಬಹುದು, ಕಷ್ಟವಿಲ್ಲ. ಆದರೆ ಕೆಲವರಿಗೆ ತಮ್ಮ ಎದೆಬಡಿತದ ಅಂಕಿ ಕಂಡರೆ ಅದೇ ಹೊಸ ಗಾಬರಿ. ಆಡಿಸುವ ಮೊದಲು ಕೇಳಿಕೊಳ್ಳಿ.

ಉಸಿರಾಟದ ಬಗ್ಗೆಯೂ ಹೀಗೆ. 'ಸೆಲೆಸ್ಟ್' ಅಂತ ಒಂದು ಗೇಮ್ ಇದೆ, 2018ರದು. ಮೊದಲು ನಾಲ್ಕೇ ದಿನದಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರ್ರಿ ಸಣ್ಣದಾಗಿ ಮಾಡಿದ್ದು, ಆಮೇಲೆ ಬೆಳೆಸಿದ್ದು. ಮ್ಯಾಡೆಲಿನ್ ಅನ್ನುವ ಹುಡುಗಿ ಬೆಟ್ಟ ಹತ್ತುತ್ತಾಳೆ. ದಾರಿಯಲ್ಲಿ ತೂಗುಗಾಡಿ ನಡುವೆ ನಿಂತುಬಿಡುತ್ತದೆ, ಅವಳಿಗೆ ಪ್ಯಾನಿಕ್ ಅಟ್ಯಾಕ್. ಜೊತೆಗಿದ್ದವನು ಒಂದು ಗರಿಯನ್ನು ಕಲ್ಪಿಸಿಕೋ, ಉಸಿರಿನಿಂದ ಅದನ್ನು ತೇಲಿಸು ಅನ್ನುತ್ತಾನೆ. ಆಡುವವರು ಬಟನ್ ಒತ್ತಿ, ಬಿಟ್ಟು ಗರಿಯನ್ನು ಚೌಕದೊಳಗೆ ತೇಲಿಸಬೇಕು. ಇದನ್ನು ಎಲ್ಲರೂ ಹೊಗಳುತ್ತಾರೆ. ಮಕ್ಕಳೂ ಇದನ್ನೇ ನಕಲು ಮಾಡುತ್ತಾರೆ, ಪ್ರತಿ ಗೇಮಿನ ಕೊನೆಗೆ ಒಂದು ಉಸಿರಾಟ, ಎಲ್ಲ ಗುಣ. ಆದರೆ 'ಸೆಲೆಸ್ಟ್' ಅಲ್ಲಿಗೆ ನಿಲ್ಲುವುದಿಲ್ಲ. ಮುಂದೊಂದು ಕಡೆ ಅವಳು ಅದೇ ಗರಿಯನ್ನು ಮತ್ತೆ ಉಪಯೋಗಿಸಲು ಹೋಗುತ್ತಾಳೆ, ಕೆಲಸ ಮಾಡುವುದಿಲ್ಲ. ಅವಳದೇ ಇನ್ನೊಂದು ರೂಪ ಆ ಗರಿಯನ್ನು ಹರಿದುಹಾಕುತ್ತದೆ, ಅವಳನ್ನು ಕೆಳಗೆ ಎಳೆಯುತ್ತದೆ. ನಿಧಾನವಾಗಿ ಉಸಿರು ಬಿಡುವುದರಿಂದ ಮೈ ತಣ್ಣಗಾಗುತ್ತದೆ, ಅದು ನಿಜ. ಎಲ್ಲ ಸಲವೂ ಸಾಕಾಗುವುದಿಲ್ಲ, ಅದೂ ನಿಜ. ಒಂದೇ ಗೇಮು ಎರಡನ್ನೂ ಹೇಳಿತು. ಅದಕ್ಕೇ ನನಗೆ ಅದರ ಮೇಲೆ ಗೌರವ.

ನಮ್ಮ ಊರಿನ ಟೆನ್ಶನ್‌ಗೆ ಬರೋಣ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಪೆರ್ಲ, ಮುಳ್ಳೇರಿಯ, ಉಪ್ಪಳ ಯಾವ ಪೇಟೆಗೆ ಹೋದರೂ ಫ್ಲೆಕ್ಸ್. 'ಎಲ್ಲ ವಿಷಯಗಳಲ್ಲೂ ಎ ಪ್ಲಸ್' ಅಂತ ಮಕ್ಕಳ ಫೋಟೋ ಸಾಲಾಗಿ. ಒಂಬತ್ತು ಎ ಪ್ಲಸ್, ಒಂದು ಎ ಬಂದ ಮಗುವಿನ ಫೋಟೋ ಅದರಲ್ಲಿ ಇರುವುದಿಲ್ಲ. ಆ ಮಗು ಎರಡು ತಿಂಗಳು ಅದೇ ಫ್ಲೆಕ್ಸ್ ಕೆಳಗೆ ಬಸ್ಸಿಗೆ ಕಾಯಬೇಕು. ಆಮೇಲೆ ಪ್ಲಸ್ ವನ್ ಅಲಾಟ್‌ಮೆಂಟ್, ಅಂದರೆ ಹನ್ನೊಂದನೇ ಕ್ಲಾಸಿನ ಸೀಟು ಹಂಚಿಕೆ. ಟ್ರಯಲ್, ಫಸ್ಟ್, ಸೆಕೆಂಡ್.

ಒಬ್ಬ ಹುಡುಗ ಇದನ್ನೇ ಗೇಮ್ ಮಾಡಿದ. ತೆರೆಯಲ್ಲಿ ಅಲಾಟ್‌ಮೆಂಟ್ ಪುಟದ ಹಾಗೆ ಕಾಣುವ ಒಂದು ಪುಟ, ಸುತ್ತುವ ಚಕ್ರ, ಒಂದೇ ಒಂದು ಬಟನ್: ರಿಫ್ರೆಶ್. ನೀವು ರಿಫ್ರೆಶ್ ಒತ್ತಿದಷ್ಟು ಸಲ ಪುಟ ತಡವಾಗುತ್ತದೆ. ನಡುವೆ ಫೋನ್ ಬರುತ್ತದೆ. ದೊಡ್ಡಮ್ಮ: "ಎಷ್ಟು ಪ್ಲಸ್ ಮಗಾ?" ಮಾವ: "ಸಯನ್ಸ್ ಸಿಕ್ಕಿತಾ, ಇಲ್ಲ ಕಾಮರ್ಸಾ?" ಪಕ್ಕದ ಮನೆ ಅಕ್ಕ: "ನಮ್ಮವನಿಗೆ ಫಸ್ಟ್ ಅಲಾಟ್‌ಮೆಂಟಲ್ಲೇ ಆಯ್ತು." ಉತ್ತರಕ್ಕೆ ಮೂರು ಆಯ್ಕೆ, ಮೂರರಲ್ಲಿ ಯಾವುದು ಒತ್ತಿದರೂ ಮುಂದಿನ ಫೋನು ಬರುತ್ತದೆ. ಆಡಿದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅದರಲ್ಲೊಂದು ಗುಟ್ಟು ಇದೆ. ನೀವು ಏನೂ ಒತ್ತದೆ ಒಂದು ನಿಮಿಷ ಸುಮ್ಮನೆ ಕೂತರೆ ಪುಟ ತನ್ನಷ್ಟಕ್ಕೆ ತೆರೆಯುತ್ತದೆ. ಯಾರಿಗೂ ಅದು ಸಿಗಲಿಲ್ಲ. ಯಾರೂ ಒಂದು ನಿಮಿಷ ಸುಮ್ಮನೆ ಕೂರಲಿಲ್ಲ! ಆತಂಕದ ಬಗ್ಗೆ ನಗಿಸುವ ಗೇಮ್ ಮಾಡಬಾರದು ಅಂತ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಈ ಹುಡುಗನ ಗೇಮು ಹತ್ತು ಕಪ್ಪು ಮೋಡದ ಗೇಮಿಗಿಂತ ಮೇಲು.

ಇನ್ನೊಂದು, ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ಇಬ್ಬರು ಡಿಗ್ರಿ ವಿದ್ಯಾರ್ಥಿಗಳದ್ದು. ಒಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿದವಳು, ಇನ್ನೊಬ್ಬಳು ಮಲಯಾಳ ಮಾಧ್ಯಮದವಳು. ಟ್ವೈನ್‌ನಲ್ಲಿ ಮಾಡಿದ್ದು. ಕತೆ ಕನ್ನಡದಲ್ಲಿದೆ: ಒಂದು ಸರ್ಟಿಫಿಕೇಟಿಗಾಗಿ ಕೌಂಟರ್ ಮುಂದೆ ನಿಂತಿದ್ದೀರಿ, ಹಿಂದೆ ಉದ್ದ ಸಾಲು. ಆಯ್ಕೆಗಳು ಬರುತ್ತವೆ, ಎಲ್ಲ ಮಲಯಾಳ ಲಿಪಿಯಲ್ಲಿ. ತಪ್ಪಾದದ್ದು ಒತ್ತಿದರೆ ಸಾಲಿನ ಕೊನೆಗೆ ಹೋಗಬೇಕು. ನಮ್ಮ ಎಷ್ಟೋ ಮಕ್ಕಳು ಮಲಯಾಳ ಸಲೀಸಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರು ಕಣ್ಣು ಮುಚ್ಚಿ ಯಾವುದೋ ಒಂದನ್ನು ಒತ್ತುತ್ತಾರೆ. ಹಿಂದಿನವರು ಗೊಣಗುವುದು ಪ್ರತಿ ಸಲ ಒಂದು ಸಾಲು ಜಾಸ್ತಿಯಾಗುತ್ತದೆ. ಮಲಯಾಳ ಓದುವ ಗೆಳತಿ ಮೊದಲ ಸಲ ಆಡಿದಾಗ ಅರ್ಧ ನಿಮಿಷದಲ್ಲಿ ಮುಗಿಸಿ, "ಇದರಲ್ಲಿ ಟೆನ್ಶನ್ ಎಲ್ಲಿದೆ?" ಅಂದಳಂತೆ. ಅಲ್ಲಿಂದ ಇಬ್ಬರೂ ಸೇರಿ ಎರಡನೇ ಭಾಗ ಮಾಡಿದರು. ಅದರಲ್ಲಿ ಗೆಳತಿ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿದ್ದಾಳೆ, ಕತೆ ಮಲಯಾಳದಲ್ಲಿ, ಬಸ್ಸಿನ ಬೋರ್ಡುಗಳು ಕನ್ನಡದಲ್ಲಿ. ಗಡಿಯ ತಲಪಾಡಿಯ ಆಚೆ ಈಚೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೆರೆ ಎಳೆದ ಆಯ್ಕೆಯ ಹಾಗೆಯೇ ಇದೂ, ಕಣ್ಣೆದುರೇ ಇದೆ ಮತ್ತು ಕೈಗೆ ಸಿಗುವುದಿಲ್ಲ. ಈ ನಿಯಮ ಬೇರೆ ಊರಿನವರಿಗೆ ಹೊಳೆಯುತ್ತಿರಲಿಲ್ಲ.

ಕನ್ನಡದಲ್ಲಿ ಮಾಡಲು ಹೊರಟವರಿಗೆ ಒಂದು ತಾಂತ್ರಿಕ ಎಚ್ಚರಿಕೆ. ಟ್ವೈನ್, ಸ್ಕ್ರ್ಯಾಚ್ ಎರಡೂ ಬ್ರೌಸರಿನಲ್ಲಿ ಓಡುತ್ತವೆ, ಬ್ರೌಸರಿಗೆ ಕನ್ನಡ ಗೊತ್ತು. ದೊಡ್ಡ ಗೇಮ್ ಎಂಜಿನ್‌ಗಳ, ಅಂದರೆ ಗೇಮ್ ಕಟ್ಟುವ ದೊಡ್ಡ ಸಾಫ್ಟ್‌ವೇರ್‌ಗಳ ಕತೆ ಬೇರೆ. ಬಹಳ ಕಾಲ ಅವುಗಳಲ್ಲಿ ಒತ್ತಕ್ಷರ ಕೂರುತ್ತಿರಲಿಲ್ಲ, 'ಸಿಟ್ಟು' ಅಂತ ಬರೆದರೆ 'ಸಿಟ್‌ಟು' ಆಗುತ್ತಿತ್ತು. ಅಮ್ಮ, ತಪ್ಪು, ಕಣ್ಣೀರು, ಹೊಟ್ಟೆಕಿಚ್ಚು, ಎಲ್ಲದರಲ್ಲೂ ಒತ್ತಕ್ಷರ! ಗೋಡೋ ಅನ್ನುವ ಉಚಿತ ಎಂಜಿನ್‌ನ 4ನೇ ಆವೃತ್ತಿ 2023ರಲ್ಲಿ ಬಂದ ಮೇಲೆ ಅದರಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಕೂರುತ್ತವೆ. ಬೇರೆ ಎಂಜಿನ್ ಹಿಡಿಯುವ ಮೊದಲು 'ಸಿಟ್ಟು' ಅಂತ ಒಂದು ಸಾಲು ಬರೆದು ನೋಡಿ.

ಟೀಚರುಗಳಿಗೆ ಕೆಲವು ಮಾತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. 40 ಮಕ್ಕಳ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಮೂವರು. ಹಾಗಾಗಿ ಈ ವಿಷಯ ಕೊಟ್ಟಾಗ ಯಾವುದೋ ಗೇಮು ನಿಜವಾಗಿಯೇ ಭಾರವಾಗಿ ಬರಬಹುದು. ಯಾರಿಗೂ ಒತ್ತಾಯ ಬೇಡ. ಹೆದರಿಕೆಯ ಗೇಮ್ ಬೇಡ ಅಂದ ಮಗು ಹಣ್ಣು ಹಿಡಿಯುವ ಗೇಮನ್ನೇ ಮಾಡಲಿ. ಮಾಡಿದವರನ್ನು ಕೇಳದೆ ಕ್ಲಾಸಿನ ಪ್ರೊಜೆಕ್ಟರಿಗೆ ಹಾಕಬೇಡಿ, ಶಾಲೆಯ ವಾಟ್ಸಾಪ್ ಗ್ರೂಪಿಗಂತೂ ಬೇಡವೇ ಬೇಡ. ಪ್ರತಿ ತೆರೆಯಲ್ಲೂ 'ಸಾಕು' ಅನ್ನುವ ಬಟನ್ ಇರಲಿ, ಆ ಒಂದು ಬಟನ್ ಮಾತ್ರ ಯಾವಾಗಲೂ ಕೆಲಸ ಮಾಡಲಿ. ತನಗೆ ತಾನೇ ನೋವು ಮಾಡಿಕೊಳ್ಳುವ ದೃಶ್ಯ ಇಡಬಾರದು ಅಂತ ಮೊದಲೇ ಹೇಳಿ. ಮತ್ತೆ, ಗೇಮ್ ನೋಡಿ ನೀವು ಡಾಕ್ಟರ್ ಆಗಬೇಡಿ.

ಇನ್ನು ನಿಮ್ಮ ಪ್ರಶ್ನೆಗಳು.

ಗೇಮ್ ಆಡಿದರೆ ಆತಂಕ, ಖಿನ್ನತೆ ವಾಸಿ ಆಗುತ್ತದಾ ಅಂತ ಆ ಅಣ್ಣ ಕೇಳ್ತಾ ಇದ್ದಾರೆ. ಮಕ್ಕಳು ಮಾಡಿದ ಇಂಥ ಗೇಮ್ ಔಷಧಿಯಲ್ಲ. ಔಷಧಿಯ ಹಾಗೆ ಪರೀಕ್ಷೆ ಮಾಡಿದ ಗೇಮುಗಳು ಬೇರೆ ಇವೆ. ನ್ಯೂಜಿಲೆಂಡಿನಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದವರು 'ಸ್ಪಾರ್ಕ್ಸ್' ಅಂತ ಮಾಡಿದರು. ಖಿನ್ನತೆಗೆ ಸಹಾಯ ಕೇಳಿ ಬಂದ 187 ಹದಿಹರೆಯದವರ ಮೇಲೆ ಪ್ರಯೋಗ ನಡೆಸಿ 2012ರಲ್ಲಿ ವರದಿ ಕೊಟ್ಟರು. ಮಾಮೂಲಿ ಸಮಾಲೋಚನೆಗಿಂತ ಅದು ಕಡಿಮೆಯಿಲ್ಲ ಅಂತ ಕಂಡುಬಂತು. ಅದರ ಹಿಂದೆ ಮನೋವೈದ್ಯರು ಇದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯಿಂದ ಅದನ್ನು ನಿರೀಕ್ಷೆ ಮಾಡುವುದು ಬೇಡ.

ಮಗ ಇಂಥ ಗೇಮ್ ಮಾಡಿದ್ದು ಗೊತ್ತಾದರೆ ನಾನೇನು ಮಾಡಲಿ? ಒಳ್ಳೆಯ ಪ್ರಶ್ನೆ ಅಮ್ಮ. ಮೊದಲು ಕೂತು ಪೂರ್ತಿ ಆಡಿ. ನಡುವೆ ಬುದ್ಧಿ ಹೇಳಬೇಡಿ. "ಇದು ನೀನೇಯಾ?" ಅಂತ ತಕ್ಷಣ ಕೇಳಿದರೆ ಇಲ್ಲ ಅನ್ನುತ್ತಾನೆ. "ಇಲ್ಲಿ ಬಟನ್ ಯಾಕೆ ಕೆಲಸ ಮಾಡುವುದಿಲ್ಲ?" ಅಂತ ಗೇಮಿನ ಬಗ್ಗೆಯೇ ಕೇಳಿ. ಅವನು ಅದನ್ನು ವಿವರಿಸುವಾಗ ನಿಮಗೆ ಬೇಕಾದ ಉತ್ತರ ಬರುತ್ತದೆ. ನಿದ್ದೆ, ಊಟ ತಪ್ಪಿದೆ, ಶಾಲೆಗೆ ಹೋಗುವುದೇ ಇಲ್ಲ ಅನ್ನುತ್ತಾನೆ ಅಂತಾದರೆ ಶಾಲೆಯ ಕೌನ್ಸೆಲರ್ ಹತ್ತಿರ ಮಾತಾಡಿ. 14416 ಬರೆದುಕೊಳ್ಳಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಸಾಲಿನ ಹುಡುಗ ಆಗಿಂದ ಕೈ ಎತ್ತಿಕೊಂಡೇ ಇದ್ದಾನೆ. ಇದಕ್ಕೆ ಗ್ರೇಸ್ ಮಾರ್ಕ್ ಇದೆಯಾ ಅಂತ ಅಲ್ವಾ? ಲಿಟಲ್ ಕೈಟ್ಸ್‌ಗೆ ಇದೆ, ಈ ಗೇಮಿಗೆ ಅಂತ ಪ್ರತ್ಯೇಕ ಇಲ್ಲ. ಲ್ಯಾಪ್‌ಟಾಪ್‌ಗಳನ್ನು ಆ ಉದ್ದದ ಮೇಜಿನ ಮೇಲೆ ಇಟ್ಟಿದ್ದೇವೆ. 'ಹಾಜರಿ' ಮೊದಲನೆಯದರಲ್ಲಿ ಇದೆ, ಅಲಾಟ್‌ಮೆಂಟ್ ಎರಡನೆಯದರಲ್ಲಿ. ದೊಡ್ಡವರು ಮೊದಲು ಆಡಲಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಿ. ಅಲಾಟ್‌ಮೆಂಟಿನ ಗುಟ್ಟು ಮಾತ್ರ ಯಾರೂ ಹೇಳಿಕೊಡಬೇಡಿ. ಓ, ಅದನ್ನು ನಾನೇ ಹೇಳಿಬಿಟ್ಟೆನಲ್ಲ. ಆದರೂ ಯಾರು ಒಂದು ನಿಮಿಷ ಸುಮ್ಮನೆ ಕೂರುತ್ತಾರೆ ನೋಡೋಣ.